ಲೆಕ್ಕದಿಂದ ಬಿಟ್ಟುಹೋದ ಆರು ಮಂದಿ

ತೊಬಿಸೆ ದ್ವೀಪ
ಅಕ್ಟೋಬರ್ 7, 2013

ಪ್ರೀತಿಯ ಕಿನುಯೊ,

ನೀನು ದ್ವೀಪ ಬಿಟ್ಟು ಯೊನಾಗೊದ ನಿನ್ನ ಅಕ್ಕನ ಮನೆ ಸೇರಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ಬಂದದ್ದು ಒಂದೇ ಒಂದು ಕಾರ್ಡು. ಯೊನಾಗೊದಲ್ಲಿ ಪೇರ್ ಹಣ್ಣು ಚೆನ್ನಾಗಿದೆ, ತೊಕಿ ಅಕ್ಕನಿಗೆ ಮಂಡಿ ನೋವು ಹಾಗೇ ಇದೆ, ಅಷ್ಟೇ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರಿಗೆ ಇಷ್ಟು ಸಾಕೇ ಎಂದು ನನಗೂ ಸಿಟ್ಟು ಬಂತು, ನಾನೂ ಬರೆಯಲಿಲ್ಲ. ಈ ಸಲ ಗಾಳಿ ಬೇಗ ತಿರುಗಿದೆ. ಎರಡು ದಿನ ಹಡಗು ಬರಲಿಲ್ಲ, ಸೋಯಾ ಕಾಳಿಲ್ಲದೆ ಅಂಗಡಿ ಅರ್ಧ ದಿನ ಮುಚ್ಚಿದ್ದೆ. ಹಾಗೆ ಸಿಕ್ಕ ಬಿಡುವಿನಲ್ಲಿ ಒಂದು ಕಾಗದ ಓದಿದೆ. ಓದಿದ ಮೇಲೆ ನಿನ್ನ ಮೇಲಿನ ಮುನಿಸು ಎಲ್ಲಿ ಹೋಯಿತೋ ಗೊತ್ತಿಲ್ಲ, ಅದರ ಜಾಗದಲ್ಲಿ ಬೇರೆ ಏನೋ ಬಂದು ಕೂತಿದೆ. ಇದನ್ನು ಅಕ್ಕನಿಗೆ ಓದಿ ಹೇಳಬೇಡ.

ಸಂಶೋಧನೆಗಳಿಗೆ ಒಪ್ಪಿಗೆ ಕೊಡುವ ಆಸ್ಪತ್ರೆಯ ನೀತಿ ಸಮಿತಿಯಲ್ಲಿ ನಾನಿದ್ದೇನೆ ಎಂದರೆ ನಿನಗೆ ಈಗಲೂ ನಗು. ಡಾಕ್ಟರೂ ಅಲ್ಲದ, ಆಸ್ಪತ್ರೆಯ ಸಂಬಳವೂ ತಿನ್ನದ ಒಬ್ಬರು ಇರಲೇಬೇಕು ಅನ್ನುವ ನಿಯಮಕ್ಕೆ ತೋಫು ಅಂಗಡಿಯವಳು ಬಲಿಯಾದಳು ಎಂದು ಎಲ್ಲರೆದುರು ಹೇಳಿದವಳು ನೀನೇ. ನನ್ನ ಕುರ್ಚಿ ಬಾಗಿಲ ಪಕ್ಕದ್ದು. ಚಹಾ ಮುಗಿದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಆದರೂ ನನ್ನ ಮುಂದೆ ಬಂದ ಕಾಗದವನ್ನು ಮೂರು ಸಲ ಓದದೆ ನಾನು ಮೊಹರು ಒತ್ತಿದವಳಲ್ಲ.

ಹೋದ ಗುರುವಾರದ ಸಭೆಯಲ್ಲಿ ಡಾಕ್ಟರ್ ಮೊರಿವಾಕಿಯವರ ವರದಿಯ ಅಚ್ಚಾದ ಪ್ರತಿ ಕೊಟ್ಟರು. ಕಾಲು ಸೆಳೆತಕ್ಕೆ ಕೊಟ್ಟು ನೋಡಿದ ಪುಡಿಯ ವರದಿ. ದೊಡ್ಡ ಪತ್ರಿಕೆಯಲ್ಲಿ ಬಂದಿದೆಯಂತೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ತಂದು ಕನ್ನಡಕ ಹಾಕಿಕೊಂಡು ಓದಿದೆ.

ಪುಡಿ ಹಂಚಿದ ನರ್ಸು ನೀನೇ ಆದ್ದರಿಂದ ನಿನಗೆ ಹೊಸದಾಗಿ ಹೇಳುವುದೇನಿಲ್ಲ. ಆದರೂ ನನ್ನ ಲೆಕ್ಕ ತಪ್ಪಿದ್ದರೆ ತಿದ್ದು. ನಾವು ಒಪ್ಪಿಗೆ ಕೊಟ್ಟಾಗ ಇದ್ದದ್ದು ಅರವತ್ತನಾಲ್ಕು ಲಕೋಟೆ. ಮೂವತ್ತೆರಡರಲ್ಲಿ ನಿಜವಾದ ಪುಡಿಯ ಚೀಟಿ, ಮೂವತ್ತೆರಡರಲ್ಲಿ ಅದೇ ಬಣ್ಣ ಅದೇ ರುಚಿಯ ಹುಸಿ ಪುಡಿಯ ಚೀಟಿ. ಯಾರ ಪಾಲಿಗೆ ಯಾವುದು ಬಂತೆಂದು ತಿಂದವರಿಗೂ ಗೊತ್ತಾಗಬಾರದು, ಕೊಟ್ಟ ನಿನಗೂ ಗೊತ್ತಾಗಬಾರದು. ಹೋದ ವರ್ಷದ ಮಧ್ಯೆ ನಮಗೆ ಬಂದ ಕಾಗದದಲ್ಲಿ ಅರವತ್ತನಾಲ್ಕೂ ಲಕೋಟೆ ಮುಗಿದವು ಎಂದಿತ್ತು. ಅದನ್ನು ನಾನು ಅಂಗಡಿಯ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಅಚ್ಚಾದ ವರದಿಯಲ್ಲಿ ಐವತ್ತೆಂಟು ಮಂದಿ ಸೇರಿದರು, ಐವತ್ತೆಂಟೂ ಮಂದಿ ಮುಗಿಸಿದರು, ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ ಎಂದಿದೆ. ಹುಸಿ ಪುಡಿಯವರು ಮೂವತ್ತೆರಡು. ನಿಜವಾದ ಪುಡಿಯವರು ಇಪ್ಪತ್ತಾರು. ಸಮಸಮವಾಗಿ ಹಂಚಿದ್ದು ಒಂದೇ ಕಡೆ ಹೇಗೆ ಆರು ಕಡಿಮೆಯಾಯಿತು?

ಇನ್ನೊಂದು. ಸೆಳೆತ ಎಷ್ಟು ಸಲ ಬಂತೆಂದು ಎಣಿಸುತ್ತೇವೆ ಎಂದು ನಮಗೆ ಹೇಳಿದ್ದರು. ಅದಕ್ಕೆಂದೇ ಎಲ್ಲರಿಗೂ ಪುಟ್ಟ ಪುಸ್ತಕ ಕೊಟ್ಟಿರಿ, ಸೆಳೆತ ಬಂದಷ್ಟು ಸಲ ಸೊನ್ನೆ ಸುತ್ತಬೇಕೆಂದು. ವರದಿಯಲ್ಲಿ ಆ ಸೊನ್ನೆಗಳ ಸುದ್ದಿಯೇ ಇಲ್ಲ. ನಿದ್ದೆಯ ತೃಪ್ತಿ ಹೆಚ್ಚಿತು ಎಂದು ಬರೆದಿದ್ದಾರೆ. ನಿದ್ದೆಯನ್ನು ಎಣಿಸುತ್ತೇವೆಂದು ಯಾವಾಗ ಹೇಳಿದ್ದರು?

ನಿನ್ನೆ ಯೊನೆ ಅಜ್ಜಿ ತೋಫು ಕೊಳ್ಳಲು ಬಂದಿದ್ದರು. ಮಾತಿಗೆ ಮಾತು ಬಂದು, ಅಜ್ಜಿ, ಆ ಪುಡಿಯಲ್ಲಿ ನಿಮ್ಮ ನಂಬರ್ ಎಷ್ಟಿತ್ತು ಎಂದೆ. ಅರವತ್ತೊಂದು ಅಂದರು. ಆ ಚೀಟಿ ಇನ್ನೂ ಅವರ ಚಹಾ ಡಬ್ಬಿಗೆ ಅಂಟಿಕೊಂಡಿದೆಯಂತೆ. ನಡುವೆ ನರ್ಸಮ್ಮ ನಿಲ್ಲಿಸಿ ಅಂದರು, ನಿಲ್ಲಿಸಿದೆ ಅಂದರು. ಐವತ್ತೆಂಟು ಜನರಲ್ಲಿ ಅರವತ್ತೊಂದನೆಯವರು ಎಲ್ಲಿಂದ ಬಂದರು ಕಿನುಯೊ?

ಆಸ್ಪತ್ರೆಯ ಗುಮಾಸ್ತನ ಹತ್ತಿರ ಹಳೆಯ ಕಡತ ಕೇಳಿದೆ. ಮೊದಲು ಜೆರಾಕ್ಸ್ ಯಂತ್ರ ಕೆಟ್ಟಿದೆ ಅಂದ. ನಾನೇ ಕೂತು ಬರೆದುಕೊಳ್ಳುತ್ತೇನೆ ಅಂದದ್ದಕ್ಕೆ, ಕಡತ ಡಾಕ್ಟರ ಹತ್ತಿರ ಇದೆ ಅಂದ. ಎರಡು ಉತ್ತರವೂ ನನ್ನ ಮುಖ ನೋಡದೆ ಕೊಟ್ಟದ್ದು.

ನಿನಗೆ ಗೊತ್ತಿರುವುದನ್ನು ಬರೆ. ಇದನ್ನು ಅಂಚೆ ಕಚೇರಿಗೆ ಹಾಕುತ್ತಿಲ್ಲ. ಅಲ್ಲಿರುವವಳು ಡಾಕ್ಟರ ಹೆಂಡತಿಯ ಚಿಕ್ಕಪ್ಪನ ಮಗಳು. ಹಡಗಿನ ಟಿಕೆಟ್ ಹರಿಯುವವನ ಕೈಯಲ್ಲಿ ಕೊಟ್ಟು ಆಚೆ ದಡದಲ್ಲಿ ಅಂಚೆಗೆ ಹಾಕಲು ಹೇಳುತ್ತೇನೆ.

ನಿನ್ನ
ಮಿಸಾವೊ

ತಾ.ಕ.: ನೀನು ಮಾರ್ಚಿನಲ್ಲಿ ಹೊರಟಾಗ ಅಕ್ಕನಿಗೆ ಮೈ ಸರಿಯಿಲ್ಲ ಅಂದೆ. ಕಾರ್ಡಿನಲ್ಲಿ ಅಕ್ಕನಿಗೆ ಬರೀ ಮಂಡಿ ನೋವು. ಕೇಳಬಾರದಿತ್ತೇನೋ, ಕೇಳಿದ್ದೇನೆ.


ಯೊನಾಗೊ
ಅಕ್ಟೋಬರ್ 15

ಮಿಸಾವೊಗೆ,

ನಿನ್ನ ಪತ್ರ ಬಂತು. ನೀನು ಆರೋಗ್ಯವಾಗಿದ್ದೀಯ ಎಂದು ತಿಳಿದು ಸಂತೋಷ.

ಸಂಶೋಧನೆಯ ವಿಷಯ ನಿನಗೆ ಅರ್ಥವಾಗುವಂಥದಲ್ಲ. ಅರ್ಥವಾಗದಿರುವುದು ತಪ್ಪೂ ಅಲ್ಲ. ಲಕೋಟೆ ತೆಗೆದುಕೊಂಡವರೆಲ್ಲ ಪುಡಿ ತೆಗೆದುಕೊಳ್ಳುತ್ತಾರೆ ಎಂದೇನೂ ಇಲ್ಲ. ಕೆಲವರು ಮನಸ್ಸು ಬದಲಾಯಿಸುತ್ತಾರೆ. ಆ ಆರು ಮಂದಿ ಶುರುವಾಗುವ ಮೊದಲೇ ಸ್ವಂತ ಕಾರಣಕ್ಕೆ ಬಿಟ್ಟವರು. ಹಾಗಾಗಿ ಅವರು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ. ಯೊನೆ ಅಜ್ಜಿಗೆ ಎಂಬತ್ತೊಂದು ವರ್ಷ. ಅವರ ನೆನಪನ್ನು ಹಿಡಿದುಕೊಂಡು ಡಾಕ್ಟರಂಥವರ ಮೇಲೆ ಅನುಮಾನ ಪಡಬೇಡ. ನಿನ್ನ ಯಜಮಾನರು ತೀರಿಕೊಳ್ಳುವ ಮುಂಚಿನ ಮೂರು ದಿನ ಡಾಕ್ಟರು ನಿಮ್ಮ ಮನೆಯಲ್ಲೇ ಕೂತಿದ್ದರು ಎಂಬುದು ನಿನಗೆ ನೆನಪಿರಬೇಕು.

ಆರೂ ಮಂದಿಯ ಊತ ಇಳಿದು ಎಷ್ಟೋ ಕಾಲವಾಯಿತು. ಅವರೇ ಮರೆತದ್ದನ್ನು ನೀನು ಹೋಗಿ ಕೆದಕಬೇಡ.

ಇಲ್ಲಿ ಚಳಿ ಶುರುವಾಗಿದೆ. ಅಂಗಡಿಯ ತಣ್ಣೀರಿನಲ್ಲಿ ಕೈ ಇಡುವಾಗ ಜೋಪಾನ.

ಕಿನುಯೊ


ತೊಬಿಸೆ
ಅಕ್ಟೋಬರ್ 28

ಕಿನುಯೊ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಊತ ಅನ್ನುವ ಮಾತು ನನ್ನ ಪತ್ರದಲ್ಲಿ ಎಲ್ಲಿತ್ತು? ಯೊನೆ ಅಜ್ಜಿ ಪುಡಿ ನಿಲ್ಲಿಸಿದರು ಎಂದಷ್ಟೇ ಬರೆದಿದ್ದೆ. ಏಕೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಶುರು ಮಾಡುವ ಮೊದಲೇ ಬಿಟ್ಟವರಿಗೆ ಊತ ಬರುವುದು ಹೇಗೆ, ಅದು ಇಳಿಯುವುದು ಹೇಗೆ?

ಕೆದಕಬೇಡ ಅಂದೆಯಲ್ಲ, ಮರುದಿನವೇ ಕರಿದ ತೋಫು ಕಟ್ಟಿಕೊಂಡು ಯೊನೆ ಅಜ್ಜಿಯ ಮನೆಗೆ ಹೋದೆ. ಅಂಗಳದಲ್ಲಿ ಕೂತು ಒಣಗಿದ ಕಟ್ಲ್‌ಫಿಶ್ ಮೀನು ಬಿಡಿಸುತ್ತಿದ್ದರು. ಪುಡಿ ಹನ್ನೊಂದು ವಾರ ತೆಗೆದುಕೊಂಡಿದ್ದಾರೆ. ದಿನ ಬಿಡದೆ ಸೊನ್ನೆ ಹಾಕಿದ್ದಾರೆ. ಮೊದಲು ಪಾದ ಬಾತುಕೊಂಡಿತಂತೆ, ಆಮೇಲೆ ಮುಖ. ಅದಾದ ಮೇಲೆ ತೋಳು. “ಬಟ್ಟೆ ಹಾಕೋಕೆ ತಂತಿವರ್ಗೂ ಕೈ ಎತ್ತೋಕಾಗ್ತಿರ್ಲಿಲ್ಲ ಕಣೇ. ಕೈ ನಂದೇ, ನನ್ ಮಾತು ಮಾತ್ರ ಕೇಳ್ತಿರ್ಲಿಲ್ಲ,” ಅಂದರು. ನೀನು ಬಂದು ರಕ್ತ ತೆಗೆದುಕೊಂಡು ಹೋದೆಯಂತೆ. ಸಂಜೆಗೆ ಡಾಕ್ಟರೇ ಬಂದು ಬೇರೆ ಮಾತ್ರೆ ಕೊಟ್ಟರಂತೆ. ರಕ್ತದಲ್ಲಿ ಏನೋ ಉಪ್ಪು ಕಡಿಮೆಯಾಗಿದೆ, ವಯಸ್ಸಾದವರಿಗೆ ಆಗುತ್ತದೆ ಎಂದರಂತೆ. ಪುಡಿಯಿಂದ ಆಗಿರಬಹುದು ಎಂದು ಯಾರಾದರೂ ಹೇಳಿದರೇ ಎಂದು ಕೇಳಿದೆ. ಅಜ್ಜಿ ನನ್ನನ್ನೇ ನೋಡಿದರು. “ಔಷಧಿಯಿಂದ ಯಾಕಾಗತ್ತೆ? ಔಷಧಿ ಅಲ್ವಾ ಅದು?”

ಅಜ್ಜಿಯ ಬಾಯಿಂದಲೇ ಇನ್ನೊಂದು ಹೆಸರು ಸಿಕ್ಕಿತು, ಗೆನ್‌ಶಿರೊ ಅವರದು. ನಲವತ್ತೇಳನೇ ನಂಬರ್. ಬಂದರಿನ ಮೆಟ್ಟಿಲಲ್ಲಿ ಮಂಡಿ ಮಡಚಿಕೊಂಡು ಬಿದ್ದು ಮಣಿಕಟ್ಟು ಮುರಿದುಕೊಂಡರಲ್ಲ, ನಾವೆಲ್ಲ ಕುಡಿದಿದ್ದರು ಎಂದು ಮಾತಾಡಿಕೊಂಡೆವು. ಅವರೂ ಹಾಗೇ ನಂಬಿದ್ದಾರೆ. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿದೆ, ಬಲೆ ಎಳೆಯಲು ಆಗುವುದಿಲ್ಲ. ದೋಣಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಈಗ ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾರೆ. ಪಾದ ಬಾತಿತ್ತೇ ಎಂದು ಕೇಳಿದೆ. ಬಾತಿತ್ತಂತೆ. ಬೂಟು ಹತ್ತದೆ ಅಳಿಯನ ಬೂಟು ಹಾಕಿಕೊಂಡು ಹೋಗಿದ್ದರಂತೆ, ಆ ದಿನವೇ.

ಇನ್ನಿಬ್ಬರು ಸಿಕ್ಕರು. ಒಬ್ಬರು ಇದೇ ಊತದ ಕಥೆ ಹೇಳಿದರು, ಇನ್ನೊಬ್ಬರು ನನ್ನನ್ನು ನೋಡಿದ ಕೂಡಲೇ ಬಾಗಿಲು ಹಾಕಿಕೊಂಡರು. ಅವರ ಮನೆಗೆ ನನಗಿಂತ ಮುಂಚೆ ಯಾರೋ ಹೋಗಿದ್ದರು ಎಂದು ನನ್ನ ಅನುಮಾನ. ಉಳಿದಿಬ್ಬರು ಯಾರೆಂದು ಗೊತ್ತಾಗಲಿಲ್ಲ. ನಿನಗೆ ಗೊತ್ತು.

ಮೊನ್ನೆ ಮಧ್ಯಾಹ್ನ ಡಾಕ್ಟರ್ ಅಂಗಡಿಗೆ ಬಂದರು. ಅವರ ಮನೆಯವರಲ್ಲದೆ ಅವರೇ ತೋಫು ಕೊಳ್ಳಲು ಬಂದದ್ದು ಹನ್ನೆರಡು ವರ್ಷದಲ್ಲಿ ಮೊದಲು. ಎರಡು ತುಂಡು ಕೇಳಿದರು. ನಾನು ನೀರಿನಿಂದ ಎತ್ತಿ ಡಬ್ಬಿಗೆ ಹಾಕಿದೆ. ಆಮೇಲೆ ನನ್ನ ಮನೆತನದ ಹೆಸರು ಹಿಡಿದು ಹೇಳಿದರು:

“ಫುಕುಮಾ ಅವ್ರೇ, ವಾರ್ಡ್ ಇರ್ಬೇಕೋ ಬೇಡ್ವೋ ಅಂತ ಸರ್ಕಾರದವ್ರು ಫೆಬ್ರವರಿಲಿ ತೀರ್ಮಾನ ಮಾಡ್ತಾರೆ. ಈ ವರದಿ ನೋಡಿ ಇಬ್ರು ಹೊಸ ಡಾಕ್ಟ್ರು ಇಲ್ಲಿಗೆ ಬರ್ತೀವಿ ಅಂದಿದಾರೆ. ನಾನೊಬ್ನೇ ಇನ್ನೆಷ್ಟು ದಿನ ನಡೆಸ್ಲಿ?”

ಅದರಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ಮನುಷ್ಯ ಸೊರಗಿದ್ದಾರೆ, ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿ ಕಾಣುತ್ತದೆ. ಬಾಗಿ ಡಬ್ಬಿ ಕೊಟ್ಟೆ. ಅವರು ನನಗಿಂತ ಹೆಚ್ಚು ಬಾಗಿ ಹೋದರು. ಅವರು ಅಷ್ಟು ಬಾಗಿದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಈಗ ನನಗೆ ಯಾರನ್ನು ನೋಡಿದರೂ ಇವರಿಗೆ ಎಷ್ಟು ಗೊತ್ತಿದೆ ಅನ್ನಿಸುತ್ತದೆ. ಸಮಿತಿಯ ಅಧ್ಯಕ್ಷರು ದಾರಿಯಲ್ಲಿ ಸಿಕ್ಕಿ ಹವಾಮಾನ ಮಾತಾಡಿದರೆ ಏಕೆ ಹವಾಮಾನ ಮಾತ್ರ ಮಾತಾಡಿದರು ಎಂದು ಯೋಚಿಸುತ್ತೇನೆ. ನಿನ್ನ ಮೇಲೂ ಅದೇ ಅನುಮಾನ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಕೇಳಿಯೇ ಬಿಡುತ್ತೇನೆ. ಆ ಆರು ಹೆಸರು ಹೊಡೆದುಹಾಕಿದ ಕೈ ಯಾರದು?

ಆ ಪುಡಿಯನ್ನು ವಸಂತದಿಂದ ಕರಾವಳಿಯ ವೃದ್ಧರ ಕೇಂದ್ರಗಳಲ್ಲೆಲ್ಲ ಕೊಡುತ್ತಾರಂತೆ. ಸಭೆಯಲ್ಲಿ ಹೆಮ್ಮೆಯಿಂದ ಹೇಳಿದರು. ಅಲ್ಲಿ ಗೆನ್‌ಶಿರೊ ಅಂಥವರು ಎಷ್ಟು ಜನ ಇರುತ್ತಾರೋ.

ಮಿಸಾವೊ


ಯೊನಾಗೊ
ನವೆಂಬರ್ 19

ಪ್ರೀತಿಯ ಮಿಸಾವೊ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಮೂರು ವಾರ ಹಾಗೇ ಕಳೆದೆ. ನನ್ನ ಮನಸ್ಸು ಬದಲಾದದ್ದು ನಿನ್ನ ಮಾತಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ.

ತೊಕಿ ಅಕ್ಕ ವಾರಕ್ಕೆರಡು ದಿನ ಇಲ್ಲಿನ ವೃದ್ಧರ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿ ಕಾಗದ ಮಡಚಿ ಗೊಂಬೆ ಮಾಡುತ್ತಾರೆ, ಬಿಸಿನೀರಿನ ಸ್ನಾನ ಇದೆ, ಊಟ ಕೊಡುತ್ತಾರೆ. ಹೋದ ಮಂಗಳವಾರ ಕೈಯಲ್ಲಿ ಹದಿನಾಲ್ಕು ಪೊಟ್ಟಣ ಹಿಡಿದುಕೊಂಡು ಬಂದಳು. ವಸಂತದವರೆಗೂ ಕಾದಿಲ್ಲ ಮಿಸಾವೊ, ಮಾದರಿ ಎಂದು ಈಗಲೇ ಹಂಚಿದ್ದಾರೆ. ಬೆಳ್ಳಿ ಬಣ್ಣದ ಪೊಟ್ಟಣ, ಮೂಲೆಯಲ್ಲಿ ಹಸಿರು ಗೆರೆ. ಸಾವಿರಾರು ಸಲ ನನ್ನ ಕೈಯಿಂದ ಹಂಚಿದ್ದು. ಅಕ್ಕನಿಗೆ ಹೃದಯದ ತೊಂದರೆಗೆ ನೀರಿಳಿಸುವ ಮಾತ್ರೆ ಇದೆ. ಅದರ ಜೊತೆ ಆ ಪುಡಿ ಸೇರಿದರೆ ಏನಾಗುತ್ತದೆ ಎಂದು ನರ್ಸ್ ಆದವಳಿಗೆ ಗೊತ್ತು. ಜ್ಯೇಷ್ಠಮಧು ಅದರಲ್ಲಿ ವಿಪರೀತ ಇದೆ, ಎರಡೂ ಸೇರಿ ರಕ್ತದ ಪೊಟ್ಯಾಸಿಯಂ ಉಪ್ಪನ್ನು ಇಳಿಸಿ ಕೈಕಾಲಿನ ಶಕ್ತಿ ತೆಗೆಯುತ್ತವೆ, ಹೃದಯದ ಬಡಿತ ತಪ್ಪಿಸುತ್ತವೆ.

ಅವಳು ಒಂದು ಪೊಟ್ಟಣ ಹರಿದು ಲೋಟಕ್ಕೆ ಸುರಿಯುತ್ತಿದ್ದಳು. ಲೋಟ ಕಿತ್ತುಕೊಂಡೆ. ಅಕ್ಕ ಬೆಚ್ಚಿಬಿದ್ದಳು.

“ಯಾಕೇ? ನಿಮ್ಮೂರಿನ ಔಷಧಿ ಅಂತೆ. ನೀನೇ ಎಲ್ರಿಗೂ ಕೊಟ್ಟಿದ್ದಲ್ವಾ?”

“ನಾನೇ ಕೊಟ್ಟಿದ್ದು. ಅದಕ್ಕೇ ಬೇಡ ಅಂತಿರೋದು.”

ಹೇಳಿದ ಮೇಲೆ ಅಕ್ಕನ ಮುಖ ನೋಡಲಾಗಲಿಲ್ಲ. ಲೋಟ ತೊಳೆಯುತ್ತಾ ನಲ್ಲಿ ಹತ್ತಿರ ತುಂಬಾ ಹೊತ್ತು ನಿಂತಿದ್ದೆ. ನನ್ನ ಅಕ್ಕನ ಬಾಯಿಂದ ಕಿತ್ತುಕೊಂಡೆ. ಅವಳ ಪಕ್ಕದಲ್ಲಿ ಕೂತು ಗೊಂಬೆ ಮಾಡುವವರ ಅಕ್ಕತಂಗಿಯರು ಎಲ್ಲಿದ್ದಾರೆ?

ನೀನು ಕೇಳಿದ್ದಕ್ಕೆ ಉತ್ತರ. ಆ ಕೈ ನನ್ನದು.

ಮೊದಲು ಊದಿಕೊಂಡವರು ಬೋಟ್ ರಿಪೇರಿಯ ಮುದುಕಪ್ಪ, ಐವತ್ತೆರಡನೆಯವರು. ಡಾಕ್ಟರು ನಿಯಮದಂತೆ ಲಕೋಟೆ ತೆರೆದು ನೋಡಿದರು. ನಿಜವಾದ ಪುಡಿ. ಎರಡನೆಯವರದು ತೆರೆದರು, ಅದೂ ನಿಜವಾದ ಪುಡಿ. ನಿಮ್ಮ ಸಮಿತಿಗೆ ಕೂಡಲೇ ಬರೆದು ತಿಳಿಸಬೇಕಿತ್ತು. ಅವರು ಬರೆಯಲು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಧ ಪುಟ ಬರೆದು ಡ್ರಾಯರಿಗೆ ಹಾಕಿದರು. ಇನ್ನೊಂದು ವಾರ ನೋಡೋಣ ಅಂದರು. ಆ ಒಂದು ವಾರದಲ್ಲಿ ಗೆನ್‌ಶಿರೊ ಬಿದ್ದದ್ದು.

ಆರಾದ ಮೇಲೆ ಒಂದು ಸಂಜೆ ನನ್ನನ್ನು ಕರೆದು ಕೂರಿಸಿದರು. ಸೊನ್ನೆಗಳನ್ನು ಎಣಿಸಿಯಾಗಿತ್ತು, ಪುಡಿ ತಿಂದವರಿಗೂ ಹುಸಿ ಪುಡಿ ತಿಂದವರಿಗೂ ಸೆಳೆತದಲ್ಲಿ ಹೆಚ್ಚು ಕಡಿಮೆ ಒಂದೇ. ಹೀಗೇ ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ, ಅಚ್ಚಾಗದಿದ್ದರೆ ಯಾವ ಡಾಕ್ಟರೂ ಈ ದ್ವೀಪದ ಕಡೆ ತಿರುಗಿ ನೋಡುವುದಿಲ್ಲ, ವಾರ್ಡ್ ಮುಚ್ಚಿದರೆ ಚಂಡಮಾರುತದ ದಿನ ಹೆರಿಗೆಗೆ ಬಂದವಳನ್ನು ಎಲ್ಲಿಗೆ ಕಳಿಸಲಿ ಎಂದು ಕೇಳಿದರು. ಹೊಸ ದಾಖಲೆ ಪುಸ್ತಕ ತಂದಿಟ್ಟರು. ನಾನು ಎರಡು ದಿನ ಕೂತು ಒಂದರಿಂದ ಐವತ್ತೆಂಟರವರೆಗೆ ಹೊಸದಾಗಿ ನಂಬರ್ ಹಾಕಿ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯಲ್ಲಿ ಬಹುಮಾನ ಬಂದಿತ್ತಲ್ಲ, ಅದೇ ಅಕ್ಷರದಲ್ಲಿ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಅದನ್ನೂ ನೀನು ಸಮಿತಿಯಲ್ಲಿ ಹೇಳು. ಬೇಡ ಅಂದಿದ್ದರೆ ಅವರು ಬಿಟ್ಟುಬಿಡುತ್ತಿದ್ದರೇನೋ ಎಂದು ಈ ಏಳೆಂಟು ತಿಂಗಳು ಯೋಚಿಸಿದ್ದೇನೆ. ನಾನು ಬೇಡ ಅನ್ನಲಿಲ್ಲ.

ಅಕ್ಕನಿಗೆ ಮೈ ಸರಿಯಿಲ್ಲ ಎಂದು ನಾನು ದ್ವೀಪ ಬಿಟ್ಟದ್ದಲ್ಲ. ದಿನಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಗೆನ್‌ಶಿರೊ ಮನೆ ಇದೆ. ಅವರು ಸೊಟ್ಟ ಕೈ ಎತ್ತಿ ನನಗೆ ನಮಸ್ಕಾರ ಹೇಳುತ್ತಿದ್ದರು.

ಸಮಿತಿ ಫೋನ್ ಮಾಡಿದರೆ ಇದನ್ನೆಲ್ಲ ಹೇಳುತ್ತೇನೆ. ಇಲ್ಲಿನ ಕೇಂದ್ರಕ್ಕೆ ನಿನ್ನೆಯೇ ಹೋಗಿ ಪುಡಿ ನಿಲ್ಲಿಸಿ ಎಂದು ಹೇಳಿ ಬಂದೆ. ಕಾರಣ ಕೇಳಿದರು. ಹೇಳಿದೆ. ನಂಬಿದರೋ ಇಲ್ಲವೋ ತಿಳಿಯದು, ಪೊಟ್ಟಣಗಳನ್ನಂತೂ ಬೀರುವಿಗೆ ಹಾಕಿ ಬೀಗ ಹಾಕಿದರು.

ಕಿನುಯೊ

ತಾ.ಕ.: ಆ ಆರು ಜನರ ಸೊನ್ನೆ ಪುಸ್ತಕಗಳನ್ನು ಹರಿದುಹಾಕಲು ಹೇಳಿದ್ದರು. ಹರಿಯಲಿಲ್ಲ. ಯೊನಾಗೊಗೆ ಬರುವಾಗ ಚಳಿಗಾಲದ ಬಟ್ಟೆಯ ಅಡಿಯಲ್ಲಿ ತಂದೆ. ಯಾಕೆ ಇಟ್ಟುಕೊಂಡೆ ಎಂದು ಕೇಳಬೇಡ. ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ನಿನ್ನ ಹೆಸರಿಗೆ ಕಳಿಸುತ್ತಿದ್ದೇನೆ. ಅಂಚೆಯವಳು ಯಾರ ಚಿಕ್ಕಪ್ಪನ ಮಗಳಾದರೂ ಸಹಿ ಹಾಕಿಯೇ ಕೊಡಬೇಕು.


ತೊಬಿಸೆ
ಫೆಬ್ರವರಿ 20, 2014

ಪ್ರೀತಿಯ ಕಿನುಯೊ,

ಸಮಿತಿಯವರು ನಿನ್ನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದರಿಂದ ಅರ್ಧ ಸುದ್ದಿ ನಿನಗೆ ಗೊತ್ತು. ಉಳಿದದ್ದು ಬರೆಯುತ್ತೇನೆ.

ಪುಸ್ತಕಗಳನ್ನು ನಾನು ಮೇಜಿನ ಮೇಲಿಟ್ಟಾಗ ಅಧ್ಯಕ್ಷರು ಇವು ಎಲ್ಲಿಂದ ಬಂದವು ಎಂದು ಮೂರು ಸಲ ಕೇಳಿದರು, ಒಳಗೆ ಏನಿದೆ ಎಂದು ಒಂದು ಸಲವೂ ಕೇಳಲಿಲ್ಲ. ಇವರು ಮುಚ್ಚಿಹಾಕುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಡಾಕ್ಟರ್ ಮೊರಿವಾಕಿ ಎದ್ದು ನಿಂತರು. “ಹೌದು. ಆರು ಜನ. ನಾನೇ ತೆಗೆಸಿದ್ದು, ನರ್ಸ್ ಮೇಲೆ ತಪ್ಪು ಹಾಕ್ಬೇಡಿ,” ಅಂದರು. ಕೂತು ಕನ್ನಡಕ ತೆಗೆದು ಒರೆಸಿದರು. ಅವರ ಮೇಲೆ ನಾನು ನಾಲ್ಕು ತಿಂಗಳು ಪಟ್ಟ ಅನುಮಾನ ಒಂದೂ ಸುಳ್ಳಾಗಲಿಲ್ಲ. ಆದರೆ ಗೆದ್ದೆ ಅನ್ನಿಸಲಿಲ್ಲ.

ವರದಿ ವಾಪಸು ಪಡೆದಿದ್ದೇವೆ ಎಂದು ಪತ್ರಿಕೆಯವರು ನಾಲ್ಕು ಸಾಲು ಅಚ್ಚು ಹಾಕಿದ್ದಾರೆ. ಪೊಟ್ಟಣಗಳೆಲ್ಲ ಕೇಂದ್ರಗಳಿಂದ ವಾಪಸು ಬಂದವು. ಎರಡು ಕಡೆ ಪಾದ ಊದಿಕೊಂಡವರು ಸಿಕ್ಕಿದ್ದಾರೆ, ಬೇಗ ನಿಲ್ಲಿಸಿದ್ದರಿಂದ ಸರಿಹೋದರು. ಡಾಕ್ಟರು ಮಾರ್ಚಿಗೆ ಹೊರಡುತ್ತಾರೆ. ಬರುತ್ತೇವೆ ಅಂದಿದ್ದ ಇಬ್ಬರೂ ಬರುವುದಿಲ್ಲ ಅಂದರು. ವಾರ್ಡಿನಲ್ಲಿ ಒಂಬತ್ತು ಹಾಸಿಗೆ ಉಳಿಸಿ, ವಾರಕ್ಕೆ ಮೂರು ದಿನ ದಡದಿಂದ ಒಬ್ಬರನ್ನು ಕಳಿಸುತ್ತಾರಂತೆ. ಗಾಳಿ ಎದ್ದ ವಾರ ಆ ಮೂರು ದಿನವೂ ಇಲ್ಲ. ಹೀಗಾದದ್ದಕ್ಕೆ ನನ್ನನ್ನು ದೂರುವವರು ಇದ್ದಾರೆ. ಕೆಲವರು ತೋಫು ಕೊಳ್ಳಲು ಬಂದರಿನ ಅಂಗಡಿಗೆ ಹೋಗುತ್ತಿದ್ದಾರೆ. ಅವರ ಮನೆಯಲ್ಲೂ ಹೆರಿಗೆಗೆ ದಿನ ಎಣಿಸುವ ಸೊಸೆಯಂದಿರಿದ್ದಾರೆ, ನಾನು ಏನೆಂದು ಜಗಳ ಆಡಲಿ.

ಆರೂ ಮನೆಗೆ ಹೋಗಿ ಸಮಿತಿಯೇ ವಿಷಯ ತಿಳಿಸಬೇಕೆಂದು ತೀರ್ಮಾನವಾಯಿತು. ಗೆನ್‌ಶಿರೊ ಅವರ ಮನೆಗೆ ಅಧ್ಯಕ್ಷರ ಜೊತೆ ನಾನೂ ಹೋಗಿದ್ದೆ. ಅಧ್ಯಕ್ಷರು ಬಾಗಿ, ಬರೆದುಕೊಂಡು ಬಂದದ್ದನ್ನು ಓದಿದರು. ಗೆನ್‌ಶಿರೊ ಟಿವಿಯ ಸದ್ದು ಕಡಿಮೆ ಮಾಡಿ ಪೂರ್ತಿ ಕೇಳಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು.

“ಕೇಳಿಸ್ಕೊಂಡ್ಯೇನೇ? ನಾನು ಕುಡಿದಿದ್ದಕ್ಕಲ್ಲ ಬಿದ್ದಿದ್ದು.”

ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು. ವರ್ಷದಿಂದ ಗಂಡನನ್ನು ಬೈದವರು. ಹಾಗೇ ಒಳಗೆ ಹೋದರು, ನೀರು ಬಿಟ್ಟ ಸದ್ದು ಕೇಳಿಸಿತು. ಗೆನ್‌ಶಿರೊ ಸೊಟ್ಟ ಕೈಯನ್ನು ತೊಡೆಯ ಮೇಲೆ ಇಟ್ಟು ನೋಡುತ್ತಾ, ದೋಣಿ ಕೊಟ್ಟುಬಿಟ್ಟೆನಲ್ಲ ಅಂದರು. ಅಷ್ಟೇ. ನಾನು ಅಧ್ಯಕ್ಷರ ಬೆನ್ನ ಹಿಂದೆ ನಿಂತಿದ್ದೆ.

ನೀನು ಒಂದು ಸಲ ಬಾ. ದಾರಿಯಲ್ಲಿ ಅವರ ಮನೆ ಸಿಗುತ್ತದೆ ಎಂದು ಹೆದರಬೇಡ. ನಿನ್ನ ಬಗ್ಗೆ ಅವರು ಕೇಳಿದ್ದು ಒಂದೇ ಮಾತು, ಆ ನರ್ಸಮ್ಮ ಪುಸ್ತಕ ಇಟ್ಟುಕೊಂಡಿದ್ದರಂತಲ್ಲ ಎಂದು.

ತೊಕಿ ಅಕ್ಕನಿಗೆ ನನ್ನ ನಮಸ್ಕಾರ.

ನಿನ್ನ
ಮಿಸಾವೊ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗೂ ಹೇಳದ ಒಂದು ವಿಷಯ ಉಳಿದಿದೆ. ಈ ಸಂಶೋಧನೆಯಲ್ಲಿ ನಿಮ್ಮ ಪಾತ್ರ ಏನಾದರೂ ಇತ್ತೇ ಎಂದು ಸಮಿತಿ ಎಲ್ಲ ಸದಸ್ಯರನ್ನೂ ಕೇಳಿತು. ನಾನು ಇಲ್ಲ ಎಂದು ಬರೆದು ಮೊಹರು ಒತ್ತಿಕೊಟ್ಟೆ. ಅದು ನಿಜವಲ್ಲ. ನಲವತ್ತೊಂದು ಜನರಾದ ಮೇಲೆ ಯಾರೂ ಬರುತ್ತಿಲ್ಲ, ನಿಮ್ಮ ಮಾತನ್ನು ಜನ ಕೇಳುತ್ತಾರೆ ಎಂದು ಡಾಕ್ಟರ ಮನೆಯವರು ಅಂಗಡಿಗೆ ಬಂದು ಕೇಳಿಕೊಂಡಿದ್ದರು. ಸಮಿತಿಯಲ್ಲಿದ್ದವಳು ಅದನ್ನು ಮಾಡಬಾರದು. ನಾನು ಮಾಡಿದೆ. ಬಂದವರಿಗೆಲ್ಲ ತೋಫು ಕಟ್ಟಿಕೊಡುತ್ತಾ, “ನಾನೇ ಪೂರ್ತಿ ಓದಿ ಒಪ್ಪಿರೋದು, ಭಯ ಬೇಡ,” ಅಂದೆ. ಪೂರ್ತಿ ಓದಿರಲಿಲ್ಲ. ಏನೇನು ತೊಂದರೆ ಆಗಬಹುದು ಎಂದು ಬರೆದಿದ್ದ ಕೊನೆಯ ನಾಲ್ಕು ಪುಟ ಸಣ್ಣ ಅಕ್ಷರದಲ್ಲಿದ್ದವು; ಬಿಟ್ಟಿದ್ದೆ. ಹೆಮ್ಮೆಯಾಗುತ್ತಿತ್ತು, ಜನ ನನ್ನ ಮಾತು ಕೇಳುತ್ತಾರೆ ಎಂದು. ಆಮೇಲೆ ಬಂದ ಇಪ್ಪತ್ತಮೂರು ಜನರಲ್ಲಿ ಎಷ್ಟೋ ಜನ ನನ್ನ ಮಾತಿಗೆ ಬಂದವರು. ಗೆನ್‌ಶಿರೊ ಮೊದಲು ಬೇಡ ಅಂದಿದ್ದರು, ಎರಡು ಸಲ. ಮೂರನೇ ಸಲ ಹೇಳಿ ಒಪ್ಪಿಸಿದ್ದು ನಾನು. ಮೊನ್ನೆ ಅವರ ಮನೆಯಲ್ಲಿ ಅವರು ನನ್ನ ಕಡೆ ನೋಡಿಯೂ ಆ ಮಾತು ಎತ್ತಲಿಲ್ಲ. ಮಧ್ಯಾಹ್ನ ಅವರು ಮನೆಯಲ್ಲೇ ಇರುತ್ತಾರೆ. ಅಂಗಡಿ ಬಾಗಿಲು ಎಳೆದು ಅಲ್ಲಿಗೆ ಹೊರಟಿದ್ದೇನೆ, ಅಲ್ಲಿಂದ ನೇರ ಸಮಿತಿಗೆ.